‘ಗ್ಯಾಸ್ ಹೋಗಿದೆ ಸಾರ್!’

ಏಪ್ರಿಲ್ ಬಂತೆಂದರೆ ಬೆಂಗಳೂರಿನ ಟಿನ್ ಫ್ಯಾಕ್ಟರಿ ಸುತ್ತಮುತ್ತಲಿನ ಎಸಿ ಮೆಕ್ಯಾನಿಕ್‌ಗಳು ಫೋನ್ ಎತ್ತುವುದನ್ನೇ ಬಿಡುತ್ತಾರೆ. ಎತ್ತಿದರೂ ‘ನಾಡಿದ್ದು ಬರ್ತೀನಿ ಸಾರ್’ ಎನ್ನುತ್ತಾರೆ. ಆ ನಾಡಿದ್ದು ಬರುವಷ್ಟರಲ್ಲಿ ಮನೆಯವರೆಲ್ಲ ಹಾಲ್‌ನ ಫ್ಯಾನಿನಡಿ ಚಾಪೆ ಹಾಸಿ ಮಲಗುವುದನ್ನು ರೂಢಿ ಮಾಡಿಕೊಂಡಿರುತ್ತಾರೆ. ಕಡೆಗೂ ಬಂದವರು ರಿಮೋಟ್ ಒತ್ತಿ, ಇಂಡೋರ್ ಯೂನಿಟ್ ಮುಂದೆ ಅಂಗೈ ಹಿಡಿದು, ಎರಡೇ ನಿಮಿಷದಲ್ಲಿ ತೀರ್ಪು ಕೊಡುತ್ತಾರೆ: ‘ಗ್ಯಾಸ್ ಹೋಗಿದೆ ಸಾರ್.’ ಅದರ ಬೆನ್ನಿಗೇ ಇನ್ನೊಂದು: ‘ಹಳೇ ಮಾಡೆಲ್ಲು. ಇದಕ್ಕೆ ದುಡ್ಡು ಸುರಿಯೋ ಬದಲು ಹೊಸದು ತಗೊಂಡ್ಬಿಡಿ. ಕರೆಂಟೂ ಉಳಿಯುತ್ತೆ.’

ಎರಡೂ ಪೂರಾ ಸುಳ್ಳಲ್ಲ. ಆದರೆ ಕಸ್ತೂರಿನಗರದಲ್ಲೋ ವಿಜಿನಾಪುರದಲ್ಲೋ ಕೂತು ಮೂವತ್ತೈದು ನಲವತ್ತು ಸಾವಿರ ಎಣಿಸುವ ಮೊದಲು ಈ ಎರಡು ಮಾತುಗಳನ್ನೂ ಸ್ವಲ್ಪ ಬಿಚ್ಚಿ ನೋಡುವುದು ಒಳ್ಳೆಯದು. ಅದರಲ್ಲೂ ಎರಡನೆಯದನ್ನು. ಬೆಂಗಳೂರಿನ ಮಟ್ಟಿಗೆ ‘ಕರೆಂಟ್ ಉಳಿಯುತ್ತೆ’ ಎಂಬ ಮಾತು ಮಾರುವವರಿಗೆ ಕೆಲಸಕ್ಕೆ ಬಂದಷ್ಟು ಕೊಳ್ಳುವವರಿಗೆ ಬರುವುದಿಲ್ಲ.

ಅಂಗಡಿಯಲ್ಲಿ ಎಸಿಯ ಮೇಲೆ ಅಂಟಿಸಿರುವ ನಕ್ಷತ್ರದ ಚೀಟಿಯನ್ನೇ ನೋಡಿ. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ, ಅಂದರೆ ಬಿಇಇ, ಕೊಡುವ ಚೀಟಿ ಅದು. ಅದರಲ್ಲಿ ವರ್ಷಕ್ಕೆ ಇಷ್ಟು ಯೂನಿಟ್ ಎಂದು ಒಂದು ಸಂಖ್ಯೆ ಇರುತ್ತದೆ. ಆ ವರ್ಷ ಎಂದರೆ 1600 ಗಂಟೆ. ಹೊರಗಿನ ಉಷ್ಣಾಂಶ 24ರಿಂದ 43 ಡಿಗ್ರಿವರೆಗೆ ಏರಿಳಿಯುವ ಒಂದು ಸರಾಸರಿ ಭಾರತದ ಲೆಕ್ಕ ಅದು. ರಾಯಚೂರಿನ ಮನೆಗೆ, ಕಲಬುರಗಿಯ ಮನೆಗೆ, ಚೆನ್ನೈನ ಫ್ಲ್ಯಾಟಿಗೆ ಈ ಲೆಕ್ಕ ಒಪ್ಪುತ್ತದೆ. ಅಲ್ಲಿ ಇನ್ನೂ ಹೆಚ್ಚೇ ಓಡೀತು. ಸಮುದ್ರಮಟ್ಟದಿಂದ ಒಂಬೈನೂರು ಮೀಟರ್ ಎತ್ತರದಲ್ಲಿ ಕೂತಿರುವ ಈ ಊರಿಗೆ ಒಪ್ಪುವುದಿಲ್ಲ. ನಮ್ಮ ಸೆಕೆಯೂ ಮೊದಲಿನಂತಿಲ್ಲ, ನಿಜ. 2016ರ ಏಪ್ರಿಲ್ 24ರಂದು ಬೆಂಗಳೂರಿನಲ್ಲಿ 39.2 ಡಿಗ್ರಿ ದಾಖಲಾಯಿತು. 2024ರ ಏಪ್ರಿಲ್ 28ರಂದು 38.5. ಆ ಏಪ್ರಿಲ್‌ನಲ್ಲಿ ಮಳೆಯ ಹನಿಯೂ ಬೀಳಲಿಲ್ಲ, ಟ್ಯಾಂಕರ್ ನೀರಿಗೂ ಪರದಾಟ, ಎಸಿ ಅಂಗಡಿಗಳಲ್ಲಿ ಮಾತ್ರ ಜಾತ್ರೆ. ಆದರೂ ಮೇ ಮಧ್ಯದಲ್ಲಿ ಎರಡು ಮಳೆ ಬಿದ್ದರೆ ರಿಮೋಟ್ ಎಲ್ಲಿದೆ ಎಂದು ಹುಡುಕುವವರಿಲ್ಲ. ಮಾರ್ಚ್, ಏಪ್ರಿಲ್, ಮೇ, ರಾತ್ರಿ ಐದು ಗಂಟೆಯಂತೆ ಹಾಕಿದರೂ ವರ್ಷಕ್ಕೆ 450 ಗಂಟೆ.

ಈಗ ಗುಣಾಕಾರ ಮಾಡೋಣ. ಹತ್ತು ಹನ್ನೆರಡು ವರ್ಷ ಹಳೆಯ, ಇನ್ವರ್ಟರ್ ಅಲ್ಲದ ಒಂದೂವರೆ ಟನ್ ಎಸಿ 1600 ಗಂಟೆಗೆ ಸುಮಾರು 1300 ಯೂನಿಟ್ ನುಂಗುತ್ತದೆ ಎಂದಿಟ್ಟುಕೊಳ್ಳಿ. ಹೊಸ ಫೈವ್ ಸ್ಟಾರ್ 800ರಲ್ಲಿ ಮುಗಿಸುತ್ತದೆ. ಉಳಿತಾಯ 500 ಯೂನಿಟ್. ತೆರಿಗೆ, ಸರ್ಚಾರ್ಜ್ ಎಲ್ಲ ಸೇರಿ ಯೂನಿಟ್ಟಿಗೆ ಆರೂವರೆ ರೂಪಾಯಿ ಹಿಡಿದರೆ ರಾಯಚೂರಿನವರಿಗೆ ವರ್ಷಕ್ಕೆ ಮೂರು ಸಾವಿರದ ಮೇಲೆ ಉಳಿಯಿತು. ಟಿನ್ ಫ್ಯಾಕ್ಟರಿಯ 450 ಗಂಟೆಗೆ ಅದೇ ಉಳಿತಾಯ 140 ಯೂನಿಟ್. ದುಡ್ಡಿನಲ್ಲಿ ಒಂಬೈನೂರು ರೂಪಾಯಿ ಚಿಲ್ಲರೆ. ನಲವತ್ತು ಸಾವಿರದ ಎಸಿ ಕರೆಂಟ್ ಬಿಲ್ಲಿನಲ್ಲಿ ತನ್ನ ಬೆಲೆ ತೀರಿಸಬೇಕಾದರೆ ನಲವತ್ತು ವರ್ಷಕ್ಕೂ ಮೇಲೆ ಬೇಕು. ಅಷ್ಟು ಕಾಲ ಅದೂ ಇರುವುದಿಲ್ಲ, ಬಾಡಿಗೆ ಮನೆಯಾದರೆ ಬಹುಶಃ ಕರಾರೂ ಇರುವುದಿಲ್ಲ.

ನಕ್ಷತ್ರಗಳ ವಿಷಯದಲ್ಲಿ ಇನ್ನೊಂದು ಮಾತು. ಅವು ಸ್ಥಿರವಲ್ಲ, ಬಿಇಇ ಆಗಾಗ ಪಟ್ಟಿ ಬಿಗಿಗೊಳಿಸುತ್ತದೆ. 2018ರ ಪಟ್ಟಿಯಲ್ಲಿ ದಕ್ಷತೆಯ ಅಂಕ 4.5 ಇದ್ದರೆ ಫೈವ್ ಸ್ಟಾರ್. 2022ರ ಜುಲೈನಿಂದ ಅದಕ್ಕೆ 5 ಬೇಕಾಯಿತು, ಹಳೆಯ 4.5 ಫೋರ್ ಸ್ಟಾರ್‌ಗೆ ಇಳಿಯಿತು. ‘ನಿಮ್ಮದು ಈಗ ಫೈವ್ ಸ್ಟಾರ್ ಅಲ್ಲವೇ ಅಲ್ಲ’ ಎಂದು ಸೇಲ್ಸ್‌ಮನ್ ಹೆದರಿಸಿದರೆ, ಗೋಡೆಯ ಮೇಲಿರುವ ಯಂತ್ರ ಹೆಚ್ಚು ಕರೆಂಟ್ ಎಳೆಯತೊಡಗಿದೆ ಎಂದಲ್ಲ. ಬದಲಾದದ್ದು ಪಟ್ಟಿ.

ಈ ಲೆಕ್ಕ ಒಂದೇ ಒಂದು ಕಡೆ ತಲೆಕೆಳಗಾಗುತ್ತದೆ: ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ. ತಿಂಗಳಿಗೆ 200 ಯೂನಿಟ್‌ನ ಒಳಗಿದ್ದರೆ, ಮನೆಗೆ ನಿಗದಿಯಾದ ಅರ್ಹತೆ ಮೀರಿದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿದರೆ ಆ ತಿಂಗಳ ಪೂರಾ ಬಿಲ್ ಕಟ್ಟಬೇಕು. ತಿಂಗಳಿಗೆ 120 ಯೂನಿಟ್ ಬಳಸುವ ಮನೆ ಒಂದಿದೆ ಎನ್ನಿ. ಹಳೆಯ ಎಸಿ ಸೇರಿದರೆ ಬೇಸಿಗೆಯಲ್ಲಿ 240ರ ಆಸುಪಾಸು, ಹೊಸದಾದರೆ 195. ಐವತ್ತು ಯೂನಿಟ್‌ಗಿಂತ ಕಡಿಮೆ ಅಂತರ, ಆದರೆ ಬಿಲ್ಲಿನಲ್ಲಿ ತಿಂಗಳಿಗೆ ಸಾವಿರಕ್ಕೂ ಮೇಲೆ ವ್ಯತ್ಯಾಸ. ಗೆರೆಯ ಮೇಲೆ ಕೂತಿರುವ ಇಂಥ ಮನೆಗೆ ಹೊಸ ಎಸಿಯ ಮಾತಿಗೆ ಅರ್ಥವಿದೆ. ಹಾಗೆಂದು ಕೂಡಲೇ ಶೋರೂಮಿಗೆ ಓಡಬೇಕಿಲ್ಲ. ಹಳೆಯದನ್ನೇ 26ರಲ್ಲಿಟ್ಟು ಫ್ಯಾನ್ ಹಾಕಿಕೊಂಡರೂ ಗೆರೆಯೊಳಗೆ ಬರಬಹುದು. ಒಂದು ತಿಂಗಳ ಮೀಟರ್ ರೀಡಿಂಗ್ ನೋಡಿದರೆ ತಿಳಿದುಹೋಗುತ್ತದೆ. ಎಸಿಯನ್ನು 18ಕ್ಕಿಟ್ಟು ಕಂಬಳಿ ಹೊದ್ದು ಮಲಗುವವರ ವಿಷಯ ಬೇರೆ, ಅವರಿಗೆ ಯಾವ ಸ್ಟಾರೂ ಸಾಲದು.

ಇನ್ನು ‘ಗ್ಯಾಸ್ ಹೋಗಿದೆ’ ಎಂಬ ಮೊದಲ ಮಾತು. ಸ್ಕೂಟರಿನ ಪೆಟ್ರೋಲ್‌ನಂತೆ ಎಸಿಯ ಗ್ಯಾಸ್ ಓಡಿದಷ್ಟೂ ಖರ್ಚಾಗುವುದಿಲ್ಲ. ಅದು ಮುಚ್ಚಿದ ತಾಮ್ರದ ಕೊಳವೆಯೊಳಗೆ ಸುತ್ತುತ್ತಲೇ ಇರುವ ವಸ್ತು. ಒಳಗೆ ಆವಿಯಾಗುವಾಗ ಕೋಣೆಯ ಶಾಖ ಹೀರುತ್ತದೆ, ಹೊರಗೆ ದ್ರವವಾಗುವಾಗ ಅದನ್ನು ಬಿಡುತ್ತದೆ. ಹತ್ತು ವರ್ಷ ಕಳೆದರೂ ಅಷ್ಟೇ ಇರಬೇಕು. ಇಲ್ಲವೆಂದರೆ ಎಲ್ಲೋ ತೂತಿದೆ. ತೂತು ಹುಡುಕದೆ ಗ್ಯಾಸ್ ತುಂಬಿ ಹೋದವರು ಮುಂದಿನ ಏಪ್ರಿಲ್‌ಗೆ ತಮ್ಮ ಕೆಲಸವನ್ನು ಖಾತ್ರಿ ಮಾಡಿಕೊಂಡು ಹೋಗಿರುತ್ತಾರೆ. ವರ್ಷವರ್ಷ ಎರಡೂವರೆ ಮೂರು ಸಾವಿರ ಕೊಟ್ಟು ಗ್ಯಾಸ್ ತುಂಬಿಸುವ ಮನೆಗಳು ಈ ಭಾಗದಲ್ಲಿ ಎಷ್ಟೋ ಇವೆ. ಹಾಗೆ ನಾಲ್ಕು ವರ್ಷ ತುಂಬಿಸಿದವರು ಹೊಸ ಎಸಿಯ ಕಾಲುಭಾಗ ಬೆಲೆಯನ್ನು ಗಾಳಿಗೆ ಬಿಟ್ಟಿದ್ದಾರೆ, ಅಕ್ಷರಶಃ.

ತೂತು ಹುಡುಕುವುದು ದೊಡ್ಡ ವಿದ್ಯೆಯೇನಲ್ಲ, ಸಮಯ ಬೇಕು. ಕೊಳವೆಗೆ ನೈಟ್ರೋಜನ್ ಒತ್ತಡ ಕೊಟ್ಟು, ಪಾತ್ರೆ ತೊಳೆಯುವ ಸೋಪಿನ ನೊರೆಯನ್ನು ಸ್ಪಂಜಿನಲ್ಲಿ ಹಚ್ಚುತ್ತಾ ಹೋಗುತ್ತಾರೆ. ಉದಯನಗರದ ಒಂದು ಮಹಡಿಯ ಮೇಲೆ ಆ ಕೆಲಸ ನೋಡುತ್ತಾ ನಿಂತಿದ್ದೆ. ಔಟ್‌ಡೋರ್ ಯೂನಿಟ್‌ನ ಪಕ್ಕೆಗೆ ಕೊಳವೆ ಸೇರುವಲ್ಲಿ ಎರಡು ಹಿತ್ತಾಳೆ ನಟ್‌ಗಳಿರುತ್ತವೆ, ಫ್ಲೇರ್ ನಟ್ ಎನ್ನುತ್ತಾರೆ. ದಪ್ಪನೆಯ ನಟ್ಟಿನ ಸುತ್ತ ಹಚ್ಚಿದ ನೊರೆ ಮೊದಲು ಸುಮ್ಮನಿತ್ತು. ಮೆಕ್ಯಾನಿಕ್ ಹುಡುಗ ಬೆರಳು ಸರಿಸಿ ಕಾದ. ಒಂದು ಬದಿಯಲ್ಲಿ ಸಾಸಿವೆ ಗಾತ್ರದ ಗುಳ್ಳೆ ಎದ್ದಿತು, ಒಡೆಯಿತು, ಮತ್ತೆ ಎದ್ದಿತು. ‘ನೋಡಿ ಅಣ್ಣ, ಇಲ್ಲೇ ಇದಾನೆ ಕಳ್ಳ’ ಎಂದ. ನಟ್ ಬಿಚ್ಚಿ, ಕೊಳವೆಯ ತುದಿ ಕತ್ತರಿಸಿ, ಹೊಸ ಫ್ಲೇರ್ ಎಬ್ಬಿಸಿ ಕೂರಿಸಿದ. ಆ ಮನೆಯವರು ಬಾಡಿಗೆದಾರರು. ಹಿಂದಿನ ವರ್ಷ ಮನೆ ಬದಲಿಸಿದಾಗ ಎಸಿ ಬಿಚ್ಚಿ ಹಾಕಿಸಿದ್ದರು. ಆಗ ಕೂರಿಸಿದ ನಟ್ಟು ಅದು.

ಮನೆ ಬದಲಿಸುವವರೇ ತುಂಬಿರುವ ಈ ಭಾಗದಲ್ಲಿ ಗ್ಯಾಸ್ ಸೋರುವ ಜಾಗ ಬಹುಪಾಲು ಇದೇ. ಬಿಚ್ಚುವ ಮೊದಲು ಗ್ಯಾಸನ್ನೆಲ್ಲ ಔಟ್‌ಡೋರ್ ಯೂನಿಟ್‌ನೊಳಕ್ಕೆ ಎಳೆದು ಬಂಧಿಸುವ ಕ್ರಮವಿದೆ, ಪಂಪ್ ಡೌನ್ ಎನ್ನುತ್ತಾರೆ. ಅವಸರದವರು ಅದನ್ನು ಮಾಡದೆ ವಾಲ್ವ್ ಸಡಿಲಿಸಿ ‘ಬುಸ್’ ಅನ್ನಿಸಿಬಿಡುತ್ತಾರೆ. ಹೊಸ ಮನೆಯಲ್ಲಿ ಕೊಳವೆ ಜೋಡಿಸಿದ ಮೇಲೆ ಒಳಗಿನ ಗಾಳಿ, ತೇವವನ್ನು ವ್ಯಾಕ್ಯೂಮ್ ಪಂಪಿನಿಂದ ತೆಗೆಯಬೇಕು. ಅದನ್ನೂ ಹಾರಿಸಿದರೆ ತೇವ ಒಳಗುಳಿದು ಕಂಪ್ರೆಸರ್‌ನ ಎಣ್ಣೆ ಕೆಡಿಸುತ್ತದೆ. ಎಸಿ ಶಿಫ್ಟ್ ಮಾಡಿಸುವಾಗ ಕೇಳಬೇಕಾದ್ದು ರೇಟ್ ಅಲ್ಲ, ‘ವ್ಯಾಕ್ಯೂಮ್ ಪಂಪ್ ತರ್ತೀರಾ?’ ಎಂದು.

ನಟ್ಟಿನಲ್ಲಿ ಸೋರಿದರೆ ರಿಪೇರಿ. ಅಲ್ಲಿ ಯೋಚನೆಯೇ ಬೇಡ. ಸೋರಿಕೆ ಇಂಡೋರ್ ಕಾಯಿಲ್‌ನಲ್ಲಿದ್ದರೆ ಮಾತ್ರ ಸ್ವಲ್ಪ ಕೂತು ಯೋಚಿಸಬೇಕು. ಅದಕ್ಕೆ ಕಾರಣ ಈ ಊರಿನ ನೀರೇ, ಕುಡಿಯುವ ನೀರಲ್ಲ, ಹರಿಯುವ ಕೊಳೆನೀರು. ಹೊರವರ್ತುಲ ರಸ್ತೆಯಲ್ಲಿ ಇಲ್ಲಿಂದ ದಕ್ಷಿಣಕ್ಕೆ ಹೋದರೆ ಸಿಗುವ ಬೆಳ್ಳಂದೂರು ಕೆರೆ 2017ರ ಫೆಬ್ರುವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ ಹೊತ್ತಿ ಉರಿದದ್ದು ಎಲ್ಲರಿಗೂ ನೆನಪಿದೆ. ಆ ಕೆರೆ, ವರ್ತೂರು ಕೆರೆಗಳ ದಂಡೆಯ ಅಪಾರ್ಟ್‌ಮೆಂಟಿನವರು ಆ ಕಾಲದಲ್ಲಿ ಇನ್ನೊಂದು ದೂರನ್ನೂ ಹೇಳುತ್ತಿದ್ದರು: ದೇವರ ಮನೆಯ ಬೆಳ್ಳಿ ಕಪ್ಪಾಗುತ್ತದೆ, ಎಸಿ ಪದೇಪದೇ ಕೆಡುತ್ತದೆ. ಎರಡಕ್ಕೂ ಮೂಲ ಒಂದೇ. ಕೊಳೆತ ಚರಂಡಿ ನೀರಿನಿಂದ ಏಳುವ ಹೈಡ್ರೋಜನ್ ಸಲ್ಫೈಡ್, ಅದೇ ಕೊಳೆತ ಮೊಟ್ಟೆಯ ವಾಸನೆಯ ಅನಿಲ, ಬೆಳ್ಳಿಯನ್ನೂ ತಾಮ್ರವನ್ನೂ ಬಿಡುವುದಿಲ್ಲ. ಎಸಿಯ ಕಾಯಿಲ್ ಎಂದರೆ ಕೂದಲಿನಷ್ಟಲ್ಲದಿದ್ದರೂ ಬಹಳ ತೆಳ್ಳಗಿನ ಗೋಡೆಯ ತಾಮ್ರದ ಕೊಳವೆ. ಅದು ಕಪ್ಪಾಗಿ, ತಿಂದುಹೋಗಿ, ಕಣ್ಣಿಗೆ ಕಾಣದ ರಂಧ್ರಗಳಾಗುತ್ತವೆ. ಕೆರೆಯೇ ಬೇಕಿಲ್ಲ, ರಾಜಕಾಲುವೆಯ ಪಕ್ಕದ ಮನೆಯಾದರೂ ಸಾಕು.

ಆದ್ದರಿಂದ ಇಂಡೋರ್ ಯೂನಿಟ್ ಬಿಚ್ಚಿದಾಗ ನೀವೇ ಟಾರ್ಚ್ ಹಿಡಿದು ಕಾಯಿಲ್‌ನ ಬದಿಯ ತಿರುವುಗಳನ್ನು ನೋಡಿ. ತಾಮ್ರ ತಾಮ್ರದ ಬಣ್ಣದಲ್ಲೇ ಇದ್ದು ಒಂದು ಕಡೆ ಮಾತ್ರ ಸೋರುತ್ತಿದ್ದರೆ ವೆಲ್ಡಿಂಗ್ ಮಾಡಿಸಬಹುದು. ಉದ್ದಕ್ಕೂ ಮಸಿ ಬಳಿದಂತಿದ್ದರೆ ಒಂದು ತೂತು ಮುಚ್ಚಿದ ತಿಂಗಳಿಗೆ ಪಕ್ಕದಲ್ಲಿ ಇನ್ನೊಂದು ಬಾಯಿ ಬಿಡುತ್ತದೆ. ಆಗ ಕಾಯಿಲ್ಲೇ ಬದಲಿಸಬೇಕು, ಅದು ಗ್ಯಾಸ್ ಸಮೇತ ಹತ್ತು ಸಾವಿರದ ಸುತ್ತ ನಿಲ್ಲುತ್ತದೆ. ಎಂಟು ವರ್ಷ ದಾಟಿದ ಎಸಿಗೆ ಅಷ್ಟು ಹಾಕುವುದನ್ನು ನಾನಂತೂ ಒಪ್ಪುವುದಿಲ್ಲ. ಕಾಯಿಲ್ ಅಲ್ಯೂಮಿನಿಯಂನದಾದರೆ ಬೆಸುಗೆಯ ಮಾತೇ ಕಷ್ಟ.

ಕಂಪ್ರೆಸರ್ ಹೋಗಿದೆ ಎಂದಾಗ ಜನ ಕೂಡಲೇ ಕೈಚೆಲ್ಲುತ್ತಾರೆ. ಸ್ವಲ್ಪ ತಾಳಿ. ಟಿನ್ ಫ್ಯಾಕ್ಟರಿಯಲ್ಲಿ ಎರಡು ದೊಡ್ಡ ರಸ್ತೆಗಳ ಸಂಚಾರ ಒಂದರ ಮೇಲೊಂದು ಬೀಳುತ್ತದೆ. ಕೋಲಾರ, ತಿರುಪತಿ, ಚೆನ್ನೈ ಕಡೆಯ ಬಸ್ಸುಗಳು ಇಲ್ಲೇ ನಿಂತು ಹೊಗೆ ಬಿಡುತ್ತವೆ. ಮೆಟ್ರೋದ ನೇರಳೆ ಮಾರ್ಗದ ಬೈಯಪ್ಪನಹಳ್ಳಿ–ಕೆ.ಆರ್. ಪುರ ತುಂಡು 2023ರ ಅಕ್ಟೋಬರ್‌ನಲ್ಲಿ ತೆರೆದರೂ ಹೊರವರ್ತುಲ ರಸ್ತೆಯ ನೀಲಿ ಮಾರ್ಗದ ಕಾಮಗಾರಿ ಧೂಳೆಬ್ಬಿಸುವುದು ನಿಲ್ಲಲಿಲ್ಲ. ಆ ಧೂಳೆಲ್ಲ ಹೋಗಿ ಕೂರುವುದು ಔಟ್‌ಡೋರ್ ಯೂನಿಟ್‌ನ ರೆಕ್ಕೆಗಳ ನಡುವೆ. ಶಾಖ ಹೊರಹೋಗಲು ದಾರಿಯಿಲ್ಲದೆ ಒತ್ತಡ ಏರಿ ಕಂಪ್ರೆಸರ್ ತನ್ನನ್ನು ಕಾಪಾಡಿಕೊಳ್ಳಲು ಹತ್ತು ನಿಮಿಷಕ್ಕೊಮ್ಮೆ ಆಫ್ ಆಗುತ್ತದೆ. ಅದು ಸತ್ತಿಲ್ಲ, ಏದುಸಿರು ಬಿಡುತ್ತಿದೆ. ಏಳೆಂಟುನೂರು ರೂಪಾಯಿಯ ಜೆಟ್ ಸರ್ವಿಸ್‌ನಲ್ಲಿ ಸರಿಹೋಗುವ ಪ್ರಕರಣ ಇದು. ಎರಡು ಕಟ್ಟಡಗಳ ನಡುವಿನ ಮೂರಡಿ ಸಂದಿಯಲ್ಲಿ, ಎದುರು ಮನೆಯ ಗೋಡೆಗೆ ಬಿಸಿಗಾಳಿ ಊದುತ್ತಾ ಅದೇ ಗಾಳಿಯನ್ನು ಮತ್ತೆ ಎಳೆದುಕೊಳ್ಳುವ ಯೂನಿಟ್ಟಾದರೆ ಹೊಸದು ತಂದು ಅಲ್ಲೇ ಕೂರಿಸಿದರೂ ಅದೇ ಗತಿ. ಮೊದಲು ಜಾಗ ಬದಲಿಸಿ.

ಇನ್ನೊಂದು ಸುಲಭದ ಅಪರಾಧಿ ಕೆಪಾಸಿಟರ್. ಫ್ಯಾನ್ ತಿರುಗುತ್ತದೆ, ಕಂಪ್ರೆಸರ್ ‘ಹ್ಞೂಂ’ ಎಂದು ಗುಂಯ್‌ಗುಟ್ಟಿ ಸುಮ್ಮನಾಗುತ್ತದೆ ಎಂದರೆ, ಹಳೆಯ ಮಾದರಿಗಳಲ್ಲಿ ಮೊದಲ ಅನುಮಾನ ಅದರ ಮೇಲೆ. ಬಿಡಿಭಾಗದ ಬೆಲೆ ಐನೂರರ ಆಸುಪಾಸು. ನಿಜವಾಗಿ ಕಂಪ್ರೆಸರ್ ಸುಟ್ಟಿದ್ದರೆ ಎಲ್ಲ ಸೇರಿ ಹತ್ತರಿಂದ ಹದಿನೈದು ಸಾವಿರ. ಆಗ ಅಲ್ಮೇರಾದಿಂದ ವಾರಂಟಿ ಕಾರ್ಡ್ ತೆಗೆಯಿರಿ. ಹಲವು ಕಂಪನಿಗಳು ಕಂಪ್ರೆಸರ್‌ಗೆ 10 ವರ್ಷ ಕೊಡುತ್ತವೆ. ಸಾಮಾನ್ಯವಾಗಿ ಅದು ಬಿಡಿಭಾಗಕ್ಕೆ ಮಾತ್ರ, ಗ್ಯಾಸ್ ಮತ್ತು ಕೂಲಿ ನಿಮ್ಮದು. ಆದರೂ ಒಂಬತ್ತು ವರ್ಷದ ಎಸಿಗೆ ಹೊಸ ಕಂಪ್ರೆಸರ್ ಬಿಟ್ಟಿ ಬರುವುದಾದರೆ ಬೇಡ ಎನ್ನುವುದೇಕೆ?

ಇನ್ವರ್ಟರ್ ಎಸಿಗಳ ಕತೆ ಬೇರೆ. ಅಲ್ಲಿ ಪ್ರಾಣ ಇರುವುದು ಪಿಸಿಬಿ ಎಂಬ ಹಲಗೆಯಲ್ಲಿ. ವೋಲ್ಟೇಜ್ ಏರಿಳಿದರೆ ಅದು ಹೋಗುತ್ತದೆ. ಚಳಿಗಾಲದಲ್ಲಿ ಬೆಚ್ಚಗೆ ಮಲಗಲು ಒಳಹೊಕ್ಕ ಹಲ್ಲಿ ಎರಡು ತಂತಿಗಳ ಮೇಲೆ ಕಾಲಿಟ್ಟರೂ ಹೋಗುತ್ತದೆ. ಮೆಕ್ಯಾನಿಕ್ ಮುಚ್ಚಳ ತೆಗೆದು ಒಣಗಿದ ಹಲ್ಲಿಯನ್ನು ಸ್ಕ್ರೂ ಡ್ರೈವರ್ ತುದಿಯಲ್ಲಿ ಎತ್ತಿ ತೋರಿಸುವುದು ಈ ಊರಿನ ಮನೆಗಳಲ್ಲಿ ಅಪರೂಪವಲ್ಲ. ಕಂಪನಿಯ ಪಿಸಿಬಿ ಆರೇಳು ಸಾವಿರ ಆಗಬಹುದು, ಮಾಡೆಲ್ ನಿಂತುಹೋಗಿದ್ದರೆ ಸಿಗದೆಯೂ ಇರಬಹುದು. ಇನ್ವರ್ಟರ್ ಅಲ್ಲದ ಎಸಿಗೆ ಮಾರುಕಟ್ಟೆಯ ಯೂನಿವರ್ಸಲ್ ಪಿಸಿಬಿ ಹಾಕಿ ಎರಡು ಸಾವಿರದೊಳಗೆ ಎಬ್ಬಿಸುತ್ತಾರೆ. ಇನ್ವರ್ಟರ್‌ಗೆ ಆ ಉಪಾಯ ಸುಲಭದಲ್ಲಿ ನಡೆಯದು. ವಿಚಿತ್ರವೆಂದರೆ ಹನ್ನೆರಡು ವರ್ಷದ ದಡ್ಡ ಎಸಿ ರಿಪೇರಿಗೆ ಒಗ್ಗುತ್ತದೆ, ಆರು ವರ್ಷದ ಜಾಣ ಎಸಿ ಒಗ್ಗುವುದಿಲ್ಲ. ಆದರೂ ಬೋರ್ಡನ್ನು ಬಿಸಾಡುವ ಮೊದಲು ಪಿಸಿಬಿ ರಿಪೇರಿಯವರಿಗೆ ತೋರಿಸಿ. 1948ರಿಂದ ದೂರವಾಣಿ ಯಂತ್ರ ತಯಾರಿಸಿದ ಐಟಿಐ ಇಲ್ಲೇ ದೂರವಾಣಿನಗರದಲ್ಲಿದೆ. 2002ರಲ್ಲಿ ಮುಚ್ಚುವವರೆಗೂ ಟ್ರಾನ್ಸ್‌ಫಾರ್ಮರ್, ಮೋಟಾರ್ ಮಾಡುತ್ತಿದ್ದ ಎನ್‌ಜಿಇಎಫ್ ಬೈಯಪ್ಪನಹಳ್ಳಿಯಲ್ಲಿತ್ತು. ಬೆಸುಗೆ ಕೋಲು ಹಿಡಿದ ಕೈಗಳಿಗೆ ಈ ಭಾಗದಲ್ಲಿ ಎಂದೂ ಬರವಿರಲಿಲ್ಲ. ಬಿಡಿಭಾಗ ಬೇಕೆಂದರೆ ಎಸ್.ಪಿ. ರಸ್ತೆ ಮೆಟ್ರೋದಲ್ಲಿ ಮುಕ್ಕಾಲು ಗಂಟೆಯ ಹಾದಿ.

ರಿಪೇರಿಯ ಪರ ಇಷ್ಟು ವಾದಿಸಿದ ಮೇಲೂ ಒಂದು ಗ್ಯಾಸಿನ ವಿಷಯದಲ್ಲಿ ನಾನು ಬದಲಿಸುವ ಕಡೆಯವನು. ಔಟ್‌ಡೋರ್ ಯೂನಿಟ್‌ನ ಪಕ್ಕದ ಫಲಕದಲ್ಲಿ ಗ್ಯಾಸಿನ ಹೆಸರು, ಗ್ರಾಂ ಲೆಕ್ಕದಲ್ಲಿ ಪ್ರಮಾಣ ಎರಡೂ ಬರೆದಿರುತ್ತದೆ. ಆರ್-22 ಎಂದಿದ್ದರೆ ಅದು ಓಝೋನ್ ಪದರಕ್ಕೆ ಹಾನಿ ಮಾಡುವ ಹಳೆಯ ಅನಿಲ. 1987ರ ಮಾಂಟ್ರಿಯಲ್ ಒಪ್ಪಂದದ ಸರಣಿಯಲ್ಲಿ ಭಾರತ 2025ರಿಂದ ಹೊಸ ಯಂತ್ರಗಳಲ್ಲಿ ಅದರ ಬಳಕೆ ನಿಲ್ಲಿಸಿದೆ, 2030ರ ಹೊತ್ತಿಗೆ ಬಹುತೇಕ ಪೂರ್ತಿ ಕೈಬಿಡಬೇಕು. ಆರ್-22ರ ಎಸಿಯಲ್ಲಿ ಕಂಪ್ರೆಸರ್ ಸುಟ್ಟರೆ, ಕಾಯಿಲ್ ತಿಂದುಹೋದರೆ ಅಲ್ಲಿಗೆ ಬಿಡಿ. ಅದಕ್ಕೆ ‘ಬೇರೆ ಗ್ಯಾಸ್ ಹಾಕಿ ಓಡಿಸ್ತೀನಿ’ ಎನ್ನುವವರಿಗೆ ಬಾಗಿಲು ತೋರಿಸಿ. ಆರ್-410ಎ, ಆರ್-32ರ ಒತ್ತಡ ಹೆಚ್ಚು. ಆರ್-32 ಅಲ್ಪಸ್ವಲ್ಪ ಹತ್ತಿಕೊಳ್ಳುವ ಗುಣದ್ದು. ಆರ್-290 ಎಂದರೆ ಅಡುಗೆ ಸಿಲಿಂಡರಿನ ಬಂಧು ಪ್ರೊಪೇನ್, ಅದಕ್ಕೆಂದೇ ವಿನ್ಯಾಸಗೊಂಡ ಯಂತ್ರದಲ್ಲಿ ಮಾತ್ರ ಅದು ಸಜ್ಜನ. ಯಾವ ಗ್ಯಾಸೇ ಆಗಲಿ, ಫಲಕದ ಗ್ರಾಮಿಗೆ ಸರಿಯಾಗಿ ತಕ್ಕಡಿಯಲ್ಲಿ ತೂಗಿ ತುಂಬಬೇಕು. ಮೀಟರ್ ನೋಡಿ ಅಂದಾಜಿನಲ್ಲಿ ತುಂಬುವುದು ಕಣ್ಣಳತೆಯ ಕೆಲಸ.

ಬದಲಿಸುವುದೇ ಸರಿ ಎಂದು ನಿರ್ಧರಿಸಿದವರು ಪರಿಸರದ ಹೆಸರು ಹೇಳಿದರೆ ಅವರಿಗೊಂದು ಲೆಕ್ಕವಿದೆ. ನಮ್ಮ ಗ್ರಿಡ್‌ನ ಒಂದು ಯೂನಿಟ್ ಕರೆಂಟಿನ ಹಿಂದೆ ಸುಮಾರು 0.7 ಕಿಲೋ ಇಂಗಾಲದ ಡೈ ಆಕ್ಸೈಡ್ ಇದೆ. ವರ್ಷಕ್ಕೆ 140 ಯೂನಿಟ್ ಉಳಿಸಿದರೆ ಸುಮಾರು 100 ಕಿಲೋ ತಪ್ಪಿತು. ಒಂದು ಕಿಲೋ ಆರ್-22 ಗಾಳಿಗೆ ಹೋದರೆ 1,810 ಕಿಲೋಗೆ ಸಮ. ಆರ್-410ಎ ಆದರೆ 2,088. ಎಕ್ಸ್‌ಚೇಂಜ್‌ಗೆ ಹೋದ ಹಳೆಯ ಎಸಿಯನ್ನು ಯಾವುದೋ ಗುಜರಿಯಲ್ಲಿ ತಾಮ್ರಕ್ಕಾಗಿ ಕೊಡಲಿಯಿಂದ ಕಡಿದರೆ, ಹೊಸ ಎಸಿ ಹದಿನೆಂಟು ಇಪ್ಪತ್ತು ವರ್ಷ ಉಳಿಸಬೇಕಾದದ್ದು ಆ ಒಂದೇ ಕ್ಷಣದಲ್ಲಿ ಹಾರಿಹೋಯಿತು. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಡಿ ಎಸಿಯೂ ಬರುತ್ತದೆ. ಅಧಿಕೃತ ಮರುಬಳಕೆದಾರರು ರಾಜ್ಯದಲ್ಲೇ ಇದ್ದಾರೆ. ದಾಬಸ್‌ಪೇಟೆಯ ಇ-ಪರಿಸರ ಈ ಕೆಲಸದಲ್ಲಿ ದೇಶದಲ್ಲೇ ಮೊದಲಿಗರು. ಗುಜರಿಯವರು ಕೊಡುವ ಮೂರು ನಾಲ್ಕು ಸಾವಿರ ಬಿಡಲಾಗದಿದ್ದರೆ ಕೊನೆಗೆ ಗ್ಯಾಸನ್ನಾದರೂ ಸಿಲಿಂಡರಿಗೆ ಇಳಿಸಿಕೊಳ್ಳುವ ಮೆಕ್ಯಾನಿಕ್ಕನ್ನು ಮೊದಲು ಕರೆಸಿ.

ಅಮೆರಿಕದಲ್ಲಿ ಒಂದು ಸೂತ್ರ ಚಾಲ್ತಿಯಲ್ಲಿದೆ: ಯಂತ್ರದ ವಯಸ್ಸನ್ನು ರಿಪೇರಿ ವೆಚ್ಚದಿಂದ ಗುಣಿಸಿ, 5000 ಡಾಲರ್ ದಾಟಿದರೆ ಬದಲಿಸಿ. ಇಡೀ ಮನೆಗೆ ಒಂದೇ ಯಂತ್ರ, ತಿಂಗಳುಗಟ್ಟಲೆ ಓಟ, ಕೂಲಿಯೇ ದುಬಾರಿ, ಅಲ್ಲಿಗೆ ಅದು ಸರಿ. ಒಂದು ಬೆಡ್‌ರೂಮಿಗೆ ಮೂರು ತಿಂಗಳು ಓಡುವ ನಮ್ಮ ಡಬ್ಬಿಗೆ ಅದು ಹೊಂದದು. ಇಲ್ಲಿ ನಾನು ಹೇಳುವುದಾದರೆ, ರಿಪೇರಿ ಖರ್ಚು ಹೊಸದರ ಮೂರನೇ ಒಂದು ಭಾಗದೊಳಗಿದ್ದು, ಕಾಯಿಲ್ ಕಪ್ಪಾಗಿರದಿದ್ದರೆ ಮಾಡಿಸಿ. ಬಾಡಿಗೆ ಮನೆಯಲ್ಲಿ ಮಾಲೀಕರೇ ಹಾಕಿಸಿದ ಎಸಿಯಾದರೆ ಸರ್ವಿಸ್ ಯಾರದು, ಪಿಸಿಬಿ ಹೋದರೆ ಯಾರದು ಎಂದು ಕರಾರಿನಲ್ಲೇ ಬರೆಸಿಕೊಳ್ಳಿ. ಮೇ ತಿಂಗಳ ನಡುರಾತ್ರಿ ಆ ಮಾತು ಎತ್ತಿದರೆ ಇಬ್ಬರಿಗೂ ಬಿಸಿ.

ಕೊಳ್ಳಲೇಬೇಕಾದರೆ ಹೊತ್ತು ನೋಡಿ ಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಎಸಿಯ ಮೇಲಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. 450 ಗಂಟೆಯ ಮನೆಗೆ ತ್ರೀ ಸ್ಟಾರ್ ಇನ್ವರ್ಟರ್ ಸಾಕು; ಫೈವ್ ಸ್ಟಾರ್‌ಗೆ ಕೊಡುವ ಹೆಚ್ಚುವರಿ ಎಂಟು ಹತ್ತು ಸಾವಿರದಲ್ಲಿ ಒಳ್ಳೆಯ ಸ್ಟೆಬಿಲೈಸರ್, ಗಟ್ಟಿ ತಾಮ್ರದ ಕೊಳವೆ, ಮೇಲಿನ ಮಹಡಿಯಾದರೆ ತಾರಸಿಗೆ ಬಿಳಿ ಕೂಲಿಂಗ್ ಬಣ್ಣ ಎಲ್ಲ ಬರುತ್ತವೆ. ದೀಪಾವಳಿ ಕಳೆದು ನವೆಂಬರ್‌ನಲ್ಲಿ ಹೋದರೆ ಅಂಗಡಿಯವರಿಗೂ ಮಾತಾಡಲು ಪುರುಸೊತ್ತು, ಮೆಕ್ಯಾನಿಕ್‌ಗಳೂ ಮೊದಲ ರಿಂಗಿಗೇ ಫೋನ್ ಎತ್ತುತ್ತಾರೆ, ವ್ಯಾಕ್ಯೂಮ್ ಪಂಪ್ ಹಚ್ಚಿ ಇಪ್ಪತ್ತು ನಿಮಿಷ ಕಾಯಲು ಅವರಿಗೂ ಆಗ ಸಮಯವಿರುತ್ತದೆ.